ಅರವತ್ತನಾಲ್ಕು ನಮೂನೆಯ ಮೇಷ್ಟ್ರು

ನಮ್ಮ ಓಣಿಯ ಕೊನೆಯ ಮನೆಯವರನ್ನು ಎಲ್ಲರೂ ನಮೂನೆ ಮೇಷ್ಟ್ರು ಎನ್ನುತ್ತಾರೆ. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಹತ್ತನೇ ತರಗತಿಯ ಹಳೇ ಪ್ರಶ್ನೆಪತ್ರಿಕೆಗಳನ್ನು ಪುಸ್ತಕ ಮಾಡಿ ಮಾರುತ್ತಿದ್ದ ಅಚ್ಚುಕೂಟ ಅದು. ಅಲ್ಲಿ ಕಾಗುಣಿತದ ತಪ್ಪು ಹುಡುಕುತ್ತಿದ್ದವರಿಗೆ ನಿಧಿಯೇ ಸಿಕ್ಕಿಬಿಟ್ಟಿತು. ಗಣಿತದಲ್ಲಿ ವರ್ಷ ವರ್ಷವೂ ಅವೇ ಲೆಕ್ಕ! ರೈಲು ಅದೇ, ವೇಗ ಬೇರೆ. ತೊಟ್ಟಿ ಅದೇ, ಉದ್ದಗಲ ಬೇರೆ. ಒಟ್ಟು ಎಣಿಸಿದರೆ ಅರವತ್ತನಾಲ್ಕು ನಮೂನೆ. ದೊಡ್ಡ ದೊಡ್ಡವರು ಜೀವ ತೇದರೂ ದಡ ಕಾಣದ ಗಣಿತ ಇವರ ಚೊಂಬಿನೊಳಗೆ ಬಂದು ಕೂತಿತು.

ಅಚ್ಚುಕೂಟ ಮುಚ್ಚಿದ ಮೇಲೆ ಮೇಷ್ಟ್ರು ಮನೆ ಪಕ್ಕದ ತಗಡಿನ ಶೆಡ್ಡಿಗೆ ಬೆಂಚು ಹಾಕಿದರು. ಬೆಳಗ್ಗೆ ಐದೂವರೆಗೆ ನಲವತ್ತು ಮಕ್ಕಳು, ಸಂಜೆಗೆ ಮತ್ತೆ ನಲವತ್ತು. ಲೆಕ್ಕದ ಮೊದಲ ಸಾಲು ನೋಡಬೇಕು, ನಮೂನೆಯ ನಂಬರು ಹೇಳಬೇಕು, ಗಾಣದೆತ್ತಿನ ಹಾಗೆ ಸುತ್ತಬೇಕು. ಯೋಚಿಸಲು ನಿಂತವನು ಕೆಟ್ಟ. ಒಮ್ಮೆ ಒಬ್ಬಳು ಹುಡುಗಿ ಎದ್ದು, "ಇಲ್ಲಿ ಯಾಕೆ ಸಾರ್ ಗುಣಿಸ್ಬೇಕು?" ಎಂದು ಕೇಳಿದ್ದಳು.

"ಯಾಕೆ ಅನ್ನೋದು ಪರೀಕ್ಷೇಲಿ ಬರಲ್ಲಮ್ಮ, ಕೂತ್ಕೊ," ಎಂದಿದ್ದರು ಮೇಷ್ಟ್ರು. ಅಷ್ಟು ಸ್ಪಷ್ಟ ಉತ್ತರ ಯಾವ ಶಾಲೆಯಲ್ಲೂ ಸಿಗುವುದಿಲ್ಲ.

ಶೆಡ್ಡಿನಿಂದ ಮಕ್ಕಳು ನೇರ ಶಾಲೆಗೆ ಹೋಗಿ ನಿದ್ದೆ ಮಾಡುತ್ತಿದ್ದರು. ಶಾಲೆ ಇರುವುದು ಇನ್ನೇನಕ್ಕೆ? ಅಂಕ ಮಾತ್ರ ತೊಂಬತ್ತರ ಮೇಲೆಯೇ ಬರುತ್ತಿತ್ತು. ಹೆತ್ತವರಿಗೆ ಹೊಟ್ಟೆ ತುಂಬುತ್ತಿತ್ತು.

ಮುಂದಿನ ಬೆಂಚಿನಲ್ಲಿ ಮೇಷ್ಟ್ರ ಮಗಳು. ಅವಳೂ ಹತ್ತನೇ ತರಗತಿ. ನಂಬರು ಹೇಳಿದರೆ ಸಾಕು, ಕಣ್ಣು ಮುಚ್ಚಿಕೊಂಡು ಉತ್ತರ ಬಿಡಿಸುತ್ತಿದ್ದಳು. ಮಕ್ಕಳನ್ನು ಸೇರಿಸಲು ಬಂದವರಿಗೆಲ್ಲ ಮೇಷ್ಟ್ರು ಅವಳನ್ನೇ ತೋರಿಸುತ್ತಿದ್ದರು. ಅಂಗಡಿಗೆ ಬೇರೆ ಬೋರ್ಡು ಯಾಕೆ?

ಆ ವರ್ಷ ಒಂದು ಸುತ್ತೋಲೆ ಬಂತು. ಪ್ರಶ್ನೆಪತ್ರಿಕೆಯ ರೀತಿ ಬದಲಾಗುತ್ತದೆ, ಸ್ವಂತ ಯೋಚಿಸಿ ಬಿಡಿಸುವ ಲೆಕ್ಕಗಳೇ ಹೆಚ್ಚು ಇರುತ್ತವೆ ಎಂದು. ಮೇಷ್ಟ್ರು ನಕ್ಕುಬಿಟ್ಟರು. ಶಾಲೆಗೆ ಹೊಸದಾಗಿ ಬಂದಿದ್ದ ಗಣಿತದ ಟೀಚರಮ್ಮ ನಗಲಿಲ್ಲ. ಕಿರುಪರೀಕ್ಷೆಗೆ ಒಂದೇ ಲೆಕ್ಕ ಬರೆದರು: "ಈ ಕೋಣೆಯ ಗೋಡೆಗಳಿಗೆ ಬಣ್ಣ ಹೊಡೆಸಬೇಕು. ಬಾಗಿಲು, ಕಿಟಕಿ ಬಿಟ್ಟು ಎಷ್ಟು ಜಾಗ?" ಮೇಜಿನ ಮೇಲೆ ಅಳತೆಯ ಟೇಪು ಇಟ್ಟು, "ಬೇಕಾದ್ದನ್ನ ನೀವೇ ಅಳ್ಕೊಳ್ಳಿ," ಎಂದರು.

"ಮಿಸ್, ಇದು ಎಷ್ಟನೇ ನಮೂನೆ?" ಎಂದಿತು ತರಗತಿ.

ಮೇಷ್ಟ್ರ ಮಗಳು ಟೇಪಿನ ಕಡೆ ತಿರುಗಿಯೂ ನೋಡಲಿಲ್ಲ. ದುಂಡಗೆ ಬರೆದಳು: "ಲೆಕ್ಕದಲ್ಲಿ ಸಂಖ್ಯೆಗಳನ್ನು ಕೊಟ್ಟಿಲ್ಲ. ಇದು ಮುದ್ರಣದ ದೋಷ. ಎಲ್ಲರಿಗೂ ಪೂರ್ಣ ಅಂಕ ಕೊಡಬೇಕು." ಕರಡು ತಿದ್ದುವವರ ಮಗಳಲ್ಲವೇ! ಬಂದ ಅಂಕ ಸೊನ್ನೆ. ಅಂತಿಮ ಪರೀಕ್ಷೆಗೆ ಮೂರೇ ತಿಂಗಳು.

ಮನೆಯಲ್ಲಿ ಹೆಂಡತಿ ಆ ಹಾಳೆಯನ್ನು ಮೇಷ್ಟ್ರ ಮುಂದೆ ಹಿಡಿದರು. "ಊರ ಮಕ್ಕಳಿಗೆಲ್ಲ ದಾರಿ ತೋರಿಸ್ತೀರಿ. ನಿಮ್ಮ ಮಗಳಿಗೆ ಎದುರಿಗಿರೋ ಗೋಡೆ ಅಳೆಯೋಕೆ ಬರಲ್ಲ. ಈ ಸಲ ಡುಮ್ಕಿ ಹೊಡೆದ್ರೆ ಯಾರನ್ನ ಬಯ್ಯೋಣ, ಅಚ್ಚುಕೂಟದವರನ್ನಾ?"

ಮೇಷ್ಟ್ರು ಮರುದಿನ ಸಂಜೆ ಯಾರ ಕಣ್ಣಿಗೂ ಬೀಳದಂತೆ ಹಿಂದಿನ ಸಂದಿಯಲ್ಲಿ ನುಸುಳಿ ಟೀಚರಮ್ಮನ ಮನೆ ಬಾಗಿಲು ತಟ್ಟಿದರು.

"ನನ್ನ ಮಗಳಿಗೆ ಗುಟ್ಟಾಗಿ ಟ್ಯೂಷನ್ ಹೇಳ್ಬೇಕಮ್ಮ."

ಟೀಚರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಬಂದಿರುವವರು ಇವರೇನಾ ಎಂದು ನೋಡಲಿಕ್ಕೆ. "ನೀವಾ ಮೇಷ್ಟ್ರೇ? ನಾನು ಟ್ಯೂಷನ್ ಹೇಳಲ್ಲ. ದಿನಾ ಶಾಲೇಲಿ ಅವಳಿಗೂ ಪಾಠ ಹೇಳ್ತಿರ್ತೀನಿ. ಅವಳು ಡೆಸ್ಕಿನ ಮೇಲೆ ತಲೆ ಇಟ್ಟು ಗೊರಕೆ ಹೊಡೀತಿರ್ತಾಳೆ."

"ಹಾಗಾದ್ರೆ ಏನು ಮಾಡ್ಲಿ?"

"ಬೆಳಗ್ಗೆ ನಿದ್ದೆ ಮಾಡೋಕೆ ಬಿಡಿ. ಅಷ್ಟು ಮಾಡಿ ಸಾಕು."

"ಅವಳು ಬೆಂಚಲ್ಲಿ ಕಾಣಿಸ್ಲಿಲ್ಲ ಅಂದ್ರೆ ಜನ ಏನಂತಾರಮ್ಮ? ನನ್ನ ಹೊಟ್ಟೆಪಾಡು…"

"ಅದು ನಿಮಗೆ ಬಿಟ್ಟಿದ್ದು. ಬೆಂಚು ಬೇಕೋ, ಮಗಳು ಬೇಕೋ?"

ಮೇಷ್ಟ್ರು ಆ ರಾತ್ರಿಯೆಲ್ಲ ಹೊರಳಾಡಿದರು. ಬೆಳಗ್ಗೆ ಮಗಳನ್ನು ಎಬ್ಬಿಸಲಿಲ್ಲ.

ಅವಳಿಗೆ ಶಾಲೆಯಲ್ಲಿ ಎಚ್ಚರವಾಗಿರುವುದು ಅಭ್ಯಾಸವಾಗಲು ಎರಡು ವಾರ ಹಿಡಿಯಿತು. ಮೂರನೆಯ ವಾರದ ಭಾನುವಾರ ಯಾರೂ ಹೇಳದೆ ಟೇಪು ಹಿಡಿದು ಶೆಡ್ಡಿಗೆ ಹೋದಳು. ಗೀಚಿ, ಅಳಿಸಿ, ಮತ್ತೆ ಗೀಚಿ ಅಪ್ಪನ ಹತ್ತಿರ ಬಂದಳು.

"ಅಪ್ಪಾ, ನಮ್ಮ ಶೆಡ್ಡಲ್ಲಿ ಸರಿಯಾಗಿ ಕೂತ್ರೆ ಹಿಡಿಯೋದು ಹದಿನೆಂಟೇ ಜನ. ನೀವು ನಲವತ್ತು ತುಂಬಿದ್ದೀರಿ."

ಮೇಷ್ಟ್ರು ಎರಡು ಸಲ ಗುಣಿಸಿ ನೋಡಿದರು. ಲೆಕ್ಕ ಸರಿಯಿತ್ತು. "ಇದು ಯಾವ ನಮೂನೆಯಲ್ಲೂ ಇಲ್ಲವಲ್ಲ," ಎಂದು ಗೊಣಗಿದರು. ಮುಖ ಮಾತ್ರ ಊರಗಲ ಆಗಿತ್ತು.

ಮುಂದಿನ ಬೆಂಚು ಖಾಲಿಯಾದದ್ದು ಹೆತ್ತವರ ಕಣ್ಣಿಗೆ ಬೀಳದಿರುತ್ತದೆಯೇ? ಮರುದಿನ ಐದೂವರೆಗೆ ಔಷಧಿ ಅಂಗಡಿಯವನು ತನ್ನ ಮಗನನ್ನು ಬಿಡಲು ಬಂದವನು ಗೇಟಿನಲ್ಲೇ ತಡೆದ.

"ಮೇಷ್ಟ್ರೇ, ಮಗಳು ಎಲ್ಲಿ? ಮೂರು ವಾರ ಆಯ್ತು, ಕಾಣಿಸ್ತಾನೇ ಇಲ್ಲ!"

ಮೇಷ್ಟ್ರು ಸುಳ್ಳಿಗೆ ಬಾಯಿ ತೆರೆದರು. ಹೊತ್ತಿಗೆ ಸರಿಯಾಗಿ ಸುಳ್ಳು ಕೈಕೊಟ್ಟಿತು. "ಮಲಗಿದ್ದಾಳೆ," ಎಂದರು.

ಅಂಗಡಿಯವನು ಗಹಗಹಿಸಿ ನಕ್ಕ. "ನೋಡಿದ್ಯೇನೋ!" ಎಂದು ಮಗನ ಭುಜ ತಟ್ಟಿದ. "ಅವಳು ಅಷ್ಟೂ ನಮೂನೆ ಮುಗಿಸಿ ಹಾಯಾಗಿ ಮಲಗಿದ್ದಾಳೆ. ನೀನಿನ್ನೂ ಮೂವತ್ತರಲ್ಲಿ ಒದ್ದಾಡ್ತಿದ್ದೀಯ! ಮೇಷ್ಟ್ರೇ, ಇವನನ್ನ ಸಂಜೇಗೂ ಸೇರಿಸ್ಕೊಂಡ್ಬಿಡಿ!"

ಮಗಳು ಮಲಗಿದ್ದ ಕೋಣೆಯ ಕಿಟಕಿ ಪಕ್ಕದಲ್ಲೇ ಇತ್ತು. ಮೇಷ್ಟ್ರು ಗಾಬರಿಯಿಂದ ತುಟಿಗೆ ಬೆರಳಿಟ್ಟರು.

"ಮೆತ್ತಗೆ ಮಾತಾಡ್ರೀ! ಮಗು ಎದ್ದುಬಿಡುತ್ತೆ."

ಆಮೇಲೆ ಶೆಡ್ಡಿನ ಬಾಗಿಲನ್ನು ಸದ್ದಾಗದಂತೆ ತೆರೆದು ಹಿಡಿದರು. ಊರವರ ನಲವತ್ತು ಮಕ್ಕಳು ಆಕಳಿಸುತ್ತ ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು.