ಗೆರೆ ಎಳೆಯದ ನಾಲ್ಕು ಬೋಲ್ಟು

ಆ ಸಂಜೆ ಅವಳ ಕೈತುಂಬ ಸೋಪಿನ ನೊರೆ. ಹಿತ್ತಲಿನ ಕಲ್ಲಿನ ಮೇಲೆ ಗಂಡನ ನೀಲಿ ಅಂಗಿ ಹಾಕಿ ಉಜ್ಜುತ್ತಿದ್ದಳು. ಗ್ರೀಸಿನ ಕಲೆ ಹೋಗುವುದಿಲ್ಲ ಎಂದು ಗೊತ್ತಿದ್ದೂ ಉಜ್ಜುತ್ತಿದ್ದಳು. ಪಕ್ಕದ ಷೆಡ್ಡಿನಿಂದ ಅವನ ಕೂಗು ಬಂತು.

“ಏನೇ, ಬಾರೇ ಇಲ್ಲಿ. ಐದು ನಿಮಿಷ ಕೂತು ಹೋಗು.”

“ಕೈಯೆಲ್ಲಾ ಸೋಪು ಕಣ್ರೀ. ಇನ್ನೂ ಒಂದು ಬಕೆಟ್ ಬಟ್ಟೆ ಇದೆ. ನಾಳೆ ಬೆಳಿಗ್ಗೆ ಕೂರ್ತೀನಿ.”

“ಮಹಾರಾಣಿಯವರು ಬಿಡುವು ಮಾಡ್ಕೊಂಡಾಗಲೇ ನಮ್ಮ ಕೆಲಸ. ಆಯ್ತು, ನಾಳೇನೇ ಆಗ್ಲಿ.”

ಅಷ್ಟೇ ಮಾತು. ಅವನು ಕಾರಿನ ಕೆಳಗೆ ನಿಂತು ಕೆಲಸ ಮಾಡುವ ಗುಂಡಿಯಿಂದ ಮೇಲೆ ಬಂದು ಕೈ ತೊಳೆದುಕೊಂಡ. ಎಡಭುಜ ನೋಯುತ್ತಿದೆ ಎಂದ. “ವಯಸ್ಸಾಯ್ತು, ನಿಮ್ಮ ಬುಷ್ಷೂ ಸವೆದಿರ್ಬೇಕು” ಎಂದಳು. ನಕ್ಕ. ಊಟ ಮಾಡಿ ಮಲಗಿದ.

ಮರುದಿನ ಬೆಳಿಗ್ಗೆ ಬ್ರಷ್ಷು ಹಿಡಿದುಕೊಂಡೇ ಬಚ್ಚಲ ಬಾಗಿಲಲ್ಲಿ ಕುಸಿದ. ನಲ್ಲಿ ಸುರಿಯುತ್ತಲೇ ಇತ್ತು. ಡಾಕ್ಟರು ಬಂದು ನೋಡಿ, ಎದೆಬಡಿತ ನಿಂತಿದೆ ಎಂದರು. ಐವತ್ತನಾಲ್ಕು ವರ್ಷ. ಇದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಹೇಳಬೇಕಾದದ್ದು ಅವನ ಕೆಲಸದ ಬಗ್ಗೆ.

ಅವನನ್ನು ಎಲ್ಲರೂ ಬುಷ್ ಮೇಸ್ತ್ರಿ ಎನ್ನುತ್ತಿದ್ದರು. ಎಂಜಿನ್ ಮುಟ್ಟುತ್ತಿರಲಿಲ್ಲ, ಬಣ್ಣ ಹೊಡೆಯುತ್ತಿರಲಿಲ್ಲ. ಕಾರಿನ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಗಾಡಿಯ ಮೈಗೆ ಸೇರುವ ಕಡೆ, ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ, ನಡುವೆ ಒಂದು ರಬ್ಬರಿನ ತುಂಡು ಕೂತಿರುತ್ತದೆ. ಅದೇ ಬುಷ್. “ಅತ್ತೆ ಸೊಸೆ ಮಧ್ಯೆ ಸಿಕ್ಕಿದ ಗಂಡಸಿನ ಹಾಗೆ ಅದು. ಎರಡೂ ಕಡೆಯಿಂದ ಏಟು ತಿನ್ನಬೇಕು, ಬಾಯಿ ಬಿಡಬಾರದು. ಬಾಯಿ ಬಿಟ್ಟಿತು ಅಂದ್ರೆ ಹರಿದಿದೆ ಅಂತಲೇ ಅರ್ಥ” ಎನ್ನುತ್ತಿದ್ದ. ಅವನ ತಾಯಿ ಇದ್ದಾಗಲೂ ಹೀಗೇ ಹೇಳುತ್ತಿದ್ದ. ಆಗ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಅವನ ಬಳಿ ಬರುತ್ತಿದ್ದವು ಹೆಚ್ಚಾಗಿ ಮಾಡಿಫೈ ಮಾಡಿಸಿದ ಗಾಡಿಗಳು. ಕೆಲವನ್ನು ನೆಲಕ್ಕೆ ತಾಗುವಷ್ಟು ಇಳಿಸಿರುತ್ತಿದ್ದರು, ಕೆಲವಕ್ಕೆ ಅಗಲದ ಚಕ್ರ ಹಾಕಿಸಿರುತ್ತಿದ್ದರು. ಅಂಥ ಗಾಡಿಯಲ್ಲಿ ಬುಷ್ ಬೇಗ ಸಾಯುತ್ತದೆ. ಬೇರೆ ಕಡೆ ಹೊಸದು ಹಾಕಿಸಿದರೂ ಎರಡು ತಿಂಗಳಿಗೆ ಮತ್ತೆ ಕಟಕಟ. ಇವನ ಕೈಯಿಂದ ಹೋದದ್ದು ವರ್ಷಗಟ್ಟಲೆ ತೆಪ್ಪಗೆ ಇರುತ್ತಿತ್ತು.

ಕಾರಣ ಒಂದೇ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅವನೊಂದು ತಪ್ಪು ಮಾಡಿದ್ದ. ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟು ಬಿಗಿದಿದ್ದ. ಗಾಡಿ ಇಳಿದು ನೆಲದ ಮೇಲೆ ಭಾರ ಬಿಟ್ಟಾಗ ಒಳಗಿನ ರಬ್ಬರು ತಿರುಚಿಕೊಂಡಿತು. ನಲವತ್ತೇ ದಿನಕ್ಕೆ ಹರಿಯಿತು. ಗಾಡಿಯವನು ಬಂದು ನಾಲ್ಕು ಜನರ ಮುಂದೆ ಆ ತುಂಡನ್ನು ಇವನ ಕಾಲ ಬಳಿ ಎಸೆದ. ಇವನು ಅದನ್ನು ಎತ್ತಿ ಒಂದು ತಗಡಿನ ಡಬ್ಬದಲ್ಲಿ ಹಾಕಿಟ್ಟ. ಆಮೇಲೆ ಬೇರೆಯವರು ಹಾಳು ಮಾಡಿ ಕಳಿಸಿದ ಬುಷ್‌ಗಳೂ ಅದೇ ಡಬ್ಬ ಸೇರಿದವು. ಆದರೆ ಎಲ್ಲಕ್ಕಿಂತ ಕೆಳಗಿದ್ದದ್ದು ಅವನದೇ.

ಅಂದಿನಿಂದ ಅವನ ಪದ್ಧತಿ ಬೇರೆ. ಹೊಸ ಬುಷ್ ಕೂರಿಸಿ, ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ ಅಷ್ಟಕ್ಕೇ ಬಿಡುತ್ತಿದ್ದ. ಚಕ್ರ ಹಾಕಿ ಗಾಡಿಯನ್ನು ಗುಂಡಿಯ ಮೇಲೆ ನೆಲಕ್ಕೆ ಇಳಿಸುತ್ತಿದ್ದ. ನಾಲ್ಕು ಮೂಲೆಯನ್ನೂ ಅದುಮಿ ಅದುಮಿ ಬಿಡುತ್ತಿದ್ದ. ಆಮೇಲೆ ಹೆಂಡತಿಯನ್ನು ಕರೆದು ಸ್ಟೀರಿಂಗ್ ಮುಂದೆ ಕೂರಿಸುತ್ತಿದ್ದ. ಅವಳ ಭಾರದಲ್ಲಿ ಗಾಡಿ ತನ್ನ ನಿಜವಾದ ಎತ್ತರಕ್ಕೆ ಬಂದ ಮೇಲೆಯೇ ಗುಂಡಿಯೊಳಗೆ ನಿಂತು ಬಿಗಿಯುತ್ತಿದ್ದ. ಅವನ ರೆಂಚಿನಲ್ಲಿ ಎಷ್ಟು ಬಿಗಿ ಬೇಕೋ ಆ ಅಂಕಿಗೆ ತಿರುಗಿಸಿಟ್ಟರೆ, ಅಷ್ಟು ಬಿಗಿಯಾದ ತಕ್ಷಣ ಅದು ಟಕ್ ಎನ್ನುತ್ತಿತ್ತು. ಆ ಸದ್ದು ಅವಳ ಕಾಲಡಿಯಿಂದ ಬರುತ್ತಿತ್ತು.

ಇಪ್ಪತ್ತೆರಡು ವರ್ಷ ಅವಳು ಹೀಗೆ ಕೂತಳು. ಡ್ರೈವಿಂಗ್ ಬರುವುದಿಲ್ಲ. ಓದಿದ್ದು ಮೂರನೇ ಕ್ಲಾಸು. ಆದರೆ ಅವಳು ಕೂರದ ಸ್ಟೈಲಿನ ಕಾರು ಆ ಊರಲ್ಲಿರಲಿಲ್ಲ. ಅವಳು ದಪ್ಪ. “ಜನ ತಕ್ಕಡಿ ಕೊಂಡ್ಕೊಳ್ತಾರೆ, ನಾನು ಮದುವೆ ಆದೆ” ಎನ್ನುತ್ತಿದ್ದ. “ತಕ್ಕಡಿ ಊಟ ಬಡಿಸಲ್ಲ ಕಣ್ರೀ, ನೆನಪಿರ್ಲಿ” ಎಂದು ಅವಳೂ ಬಿಡುತ್ತಿರಲಿಲ್ಲ.

ಬಿಗಿದ ಬೋಲ್ಟಿನ ಮೇಲೆ ಕೊನೆಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಅದಕ್ಕೆ ಉಗುರುಬಣ್ಣ. ಹೊಸದಾಗಿ ಮದುವೆಯಾದಾಗ ಅವಳಿಗೆಂದು ತಂದ ಬಾಟಲಿ. ಪಾತ್ರೆ ತಿಕ್ಕುವ ಕೈಗೆ ಇದೇನು ಎಂದು ಅವಳು ಪಕ್ಕಕ್ಕಿಟ್ಟಿದ್ದಳು, ಅವನು ಷೆಡ್ಡಿಗೆ ಒಯ್ದ. ಆಮೇಲೆ ಎರಡು ಮೂರು ತಿಂಗಳಿಗೊಂದು ಬಾಟಲಿ ಕೊಳ್ಳುತ್ತಿದ್ದ. ಫ್ಯಾನ್ಸಿ ಅಂಗಡಿಯವಳು ಅವಳನ್ನು ಕಂಡಾಗಲೆಲ್ಲ, “ಇಷ್ಟು ವರ್ಷ ಆದ್ರೂ ನಿಮ್ಮವರು ಎಷ್ಟು ಪ್ರೀತಿ ಮಾಡ್ತಾರೆ ನೋಡಿ” ಎನ್ನುತ್ತಿದ್ದಳು. ಅವಳು ಹೌದು ಎಂದು ತಲೆಯಾಡಿಸುತ್ತಿದ್ದಳು. ಬೋಲ್ಟಿನ ವಿಷಯ ಯಾಕೆ ಹೇಳಬೇಕು?

ಅವನು ಹೋದ ಹನ್ನೆರಡನೇ ದಿನ ಟೈಲರಣ್ಣ ಬಂದ.

ಷೆಡ್ಡಿನಲ್ಲಿ ಗುಂಡಿಯ ಮೇಲೆ ನಿಂತಿದ್ದದ್ದು ಅವನದೇ ಗಾಡಿ. ಹಳೇ ಕಾರು, ಎರಡು ಬೆರಳಷ್ಟು ಇಳಿಸಿದ್ದು. “ಪ್ಯಾಂಟು ಗಿಡ್ಡ ಮಾಡಿ ಮಾಡಿ ಚಟ ಹತ್ತಿ, ಕಾರನ್ನೂ ಗಿಡ್ಡ ಮಾಡ್ಸಿದ್ಯಲ್ಲೋ” ಎಂದು ಮೇಸ್ತ್ರಿ ರೇಗಿಸುತ್ತಿದ್ದ. ಟೈಲರಣ್ಣ ಸೂಜಿಯಂಥ ಮನುಷ್ಯ, ವಯಸ್ಸಿನಲ್ಲಿ ಮೇಸ್ತ್ರಿಗಿಂತ ದೊಡ್ಡವನು. ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡ.

“ತಂಗ್ಯಮ್ಮ, ಈ ಟೈಮಲ್ಲಿ ಕೇಳಬಾರದು. ಮಗಳು ಬಾಣಂತಿ, ನಾಳೆ ಆಸ್ಪತ್ರೆಯಿಂದ ಬರ್ತಾಳೆ. ಗಾಡಿ ಬೇಕಿತ್ತು. ಹೋಗೋ ಹಿಂದಿನ ದಿನ ಮೇಸ್ತ್ರಿ ಸಿಕ್ಕಾಗ ಕೆಲಸ ಮುಗಿದ ಹಾಗೇ ಅಂದಿದ್ರು.”

ಅವನ ಹತ್ತಿರ ಇನ್ನೊಂದು ಕೀಲಿಯಿತ್ತು. ಬಾಗಿಲು ತೆಗೆದು ಕೂರುವುದರಲ್ಲಿದ್ದ.

“ಇಳೀರಿ” ಎಂದಳು ಅವಳು. “ಮುಗಿದಿಲ್ಲ. ನಾನಿನ್ನೂ ಕೂತಿಲ್ಲ.”

ಬಗ್ಗಿ ಟಾರ್ಚು ಬಿಟ್ಟು ತೋರಿಸಿದಳು. ನಾಲ್ಕು ಬೋಲ್ಟು. ಒಂದರ ಮೇಲೂ ಕೆಂಪು ಗೆರೆಯಿಲ್ಲ. ನಾಲ್ಕೂ ಬರೀ ಬೆರಳಿನ ಬಿಗಿಯಲ್ಲಿದ್ದವು. ದಾರಿಯಲ್ಲಿ ಒಂದು ಕಳಚಿದ್ದರೂ ಚಕ್ರ ಸೊಟ್ಟಗಾಗಿ ಗಾಡಿ ಎಲ್ಲಿಗೋ ನುಗ್ಗುತ್ತಿತ್ತು. ಟೈಲರಣ್ಣ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹಿಂದೆ ಸರಿದ.

ಅವಳು ಮೈದುನನಿಗೆ ಫೋನು ಮಾಡಿದಳು. ಅವನೂ ಮೆಕ್ಯಾನಿಕ್. ಮುಖ್ಯರಸ್ತೆಯಲ್ಲಿ ದೊಡ್ಡ ಗ್ಯಾರೇಜು, ಗಾಡಿ ಎತ್ತುವ ಲಿಫ್ಟು, ಗಾಜಿನ ಆಫೀಸು. ಕರೆದ ಅರ್ಧ ಗಂಟೆಗೆ ಬಂದ. ಆ ವಿಷಯದಲ್ಲಿ ಅವನು ಒಳ್ಳೆಯವನು. ಗುಂಡಿಗೆ ಇಳಿಯಲು ನೋಡಿದ, ಹೊಟ್ಟೆ ಹಿಡಿಯಲಿಲ್ಲ. ಅದು ಅಣ್ಣ ತನ್ನ ಮೈಯಳತೆಗೆ ತೋಡಿಕೊಂಡ ಗುಂಡಿ.

“ಅತ್ತಿಗೆ, ನೀವು ಮನೆಯೊಳಗೆ ಹೋಗಿ ಕೂತ್ಕೊಳ್ಳಿ. ಹತ್ತು ನಿಮಿಷದ ಕೆಲಸ. ನಾನು ನೋಡ್ಕೋತೀನಿ.”

ಅವಳು ಟೈಲರಣ್ಣನಿಗೆ ಕುಡಿಯಲು ನೀರು ತರಲು ಒಳಗೆ ಹೋದಳು. ಲೋಟ ತುಂಬುತ್ತಿದ್ದಾಗ ಷೆಡ್ಡಿನಿಂದ ಸದ್ದು ಬಂತು.

ಟಕ್.

ಅವಳು ಅಡುಗೆಮನೆಯಲ್ಲಿ ನಿಂತಿದ್ದಾಳೆ. ಸೀಟಿನಲ್ಲಿ ಯಾರೂ ಇಲ್ಲ. ಆದರೂ ಟಕ್. ಇಪ್ಪತ್ತೆರಡು ವರ್ಷದಲ್ಲಿ ಹೀಗೆ ಆದದ್ದೇ ಇಲ್ಲ. ಲೋಟ ಅಲ್ಲೇ ಕುಕ್ಕಿ ಓಡಿದಳು. ಮುಂಭಾಗ ಜಾಕಿನ ಮೇಲೆ ಎದ್ದಿತ್ತು. ಚಕ್ರ ಜೋತಾಡುತ್ತಿತ್ತು. ಮೈದುನ ಮಗ್ಗುಲಾಗಿ ಮಲಗಿ ಅಣ್ಣನ ರೆಂಚು ಹಿಡಿದಿದ್ದ.

“ಬಿಚ್ಚು.”

“ಏನು ಅತ್ತಿಗೆ?”

“ಬಿಗಿದದ್ದನ್ನ ಬಿಚ್ಚು ಅಂದೆ. ಗಾಡಿ ಇಳಿಸು.”

“ಅಯ್ಯೋ, ಅಣ್ಣನ ಹುಚ್ಚು ನಿಮಗೂ ಹತ್ತಿದ್ಯಾ? ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ದಿನಕ್ಕೆ ಹತ್ತು ಗಾಡಿ ಬಿಡ್ತೀನಿ.”

“ಅದ್ರಲ್ಲಿ ವಾಪಸ್ ಎಷ್ಟು ಬರ್ತವೆ?”

ಟೈಲರಣ್ಣ ಕೆಮ್ಮಿದ. ಅವನು ಮೊದಲ ಸಲ ಬುಷ್ ಹಾಕಿಸಿದ್ದು ಆ ಗಾಜಿನ ಆಫೀಸಿನ ಗ್ಯಾರೇಜಿನಲ್ಲೇ. ಅದು ಈಗ ತಗಡಿನ ಡಬ್ಬದಲ್ಲಿದೆ.

“ನೋಡು,” ಎಂದಳು. “ನಿನ್ನ ಅಂಗಡಿ ಗಾಡಿ ಆಗಿದ್ರೆ ನಾನು ಮಾತಾಡ್ತಿರ್ಲಿಲ್ಲ. ಇದು ಅವರು ಮುಟ್ಟಿದ ಗಾಡಿ. ಅವರ ಕೈಯಿಂದ ಹೋದ ಒಂದು ಗಾಡೀನೂ ಅದೇ ಸದ್ದು ಅಂತ ವಾಪಸ್ ಬಂದಿಲ್ಲ. ಕೊನೇದು ಬರಬಾರದು. ಬಂದ್ರೆ ಜನಕ್ಕೆ ಅದೊಂದೇ ನೆನಪಿರುತ್ತೆ.”

ಅವನು ಅತ್ತಿಗೆಯ ಮುಖ ನೋಡಿದ. ಬೋಲ್ಟು ಸಡಿಲಿಸಿ ಗಾಡಿ ಇಳಿಸಿದ. ನಾಲ್ಕು ಮೂಲೆಯನ್ನೂ ಅವಳೇ ಅದುಮಿದಳು.

ಈಗ ಬೇರೆ ಕಷ್ಟ. ಗುಂಡಿಗೆ ಇಳಿಯುವವರು ಯಾರು? ಮೈದುನ ಹಿಡಿಯುವುದಿಲ್ಲ. ಟೈಲರಣ್ಣನಿಗೆ ಸೂಜಿ ಬಿಟ್ಟು ಬೇರೆ ಸಾಮಾನು ಗೊತ್ತಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡಳು.

“ಅತ್ತಿಗೆ, ನೀವಾ? ನಾನೇ ಹಿಡಿಯಲ್ಲ ಅದ್ರಲ್ಲಿ.”

“ಹನ್ನೆರಡು ದಿನದಿಂದ ಊಟ ಸೇರಿಲ್ಲ. ಹಿಡೀತೀನಿ.”

ಹಿಡಿದಳು. ಇಷ್ಟು ವರ್ಷ ಅದರ ಮೇಲೆ ಕೂತಿದ್ದರೂ ಅವಳು ಒಳಗೆ ಇಳಿದದ್ದು ಅದೇ ಮೊದಲು. ಒಳಗೆ ತಂಪಾಗಿತ್ತು. ಬೆನ್ನು ಒರಗಿಸುವ ಕಡೆ ಗೋಡೆ ನುಣ್ಣಗಾಗಿತ್ತು. ಕೈಗೆಟಕುವ ಗೂಡಿನಲ್ಲಿ ಮಡಿಸಿದ ಬಟ್ಟೆ, ಒಂದು ಸಣ್ಣ ಕನ್ನಡಿ, ಉಗುರುಬಣ್ಣದ ಬಾಟಲಿ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು, ಯಾವ ಗಾಡಿಗೆ ಎಷ್ಟು ಬಿಗಿ ಎಂದು. ಒಂದರ ಪಕ್ಕ ಕತ್ತರಿಯ ಚಿತ್ರವಿತ್ತು. ಟೈಲರಣ್ಣನ ಗಾಡಿ. ಮೂರನೇ ಕ್ಲಾಸಿನವಳಿಗೆ ಅಂಕಿ ಓದಲು ಬರುತ್ತದೆ. ನೂರಾ ಹತ್ತು.

ಮೈದುನ ರೆಂಚನ್ನು ನೂರಾ ಹತ್ತಕ್ಕೆ ತಿರುಗಿಸಿ ಕೆಳಗೆ ಕೊಟ್ಟ.

“ಟೈಲರಣ್ಣ, ಕೂತ್ಕೊಳ್ಳಿ.”

ಅವನು ಕೂತ. ಗಾಡಿ ಅಲ್ಲಾಡಲೂ ಇಲ್ಲ.

“ಕೂತ್ರಾ?”

“ಕೂತೇ ಇದ್ದೀನಿ ತಂಗ್ಯಮ್ಮ.”

“ಒಂದು ಇಂಚೂ ಇಳೀಲಿಲ್ಲ. ಮನೇಲಿ ಊಟ ಹಾಕ್ತಾರೋ ಇಲ್ವೋ? ನೀನು ಆ ಡಬ್ಬ ತಂದು ಅವರ ತೊಡೆ ಮೇಲಿಡಪ್ಪ.”

ಹರಿದ ಬುಷ್‌ಗಳ ಡಬ್ಬ. ಮೈದುನ ಎರಡೂ ಕೈಯಲ್ಲಿ ಎತ್ತಿ ತಂದಿಟ್ಟ. ಟೈಲರಣ್ಣ ಉಸ್ಸೆಂದ.

“ಓಡ್ಸೋನು ನಾನೇ ಅಲ್ವಾ? ನನ್ನ ಭಾರ ಸಾಲ್ದಾ?”

“ನಾಳೆ ಒಬ್ರೇ ಬರ್ತೀರಾ? ಅದನ್ನ ಮೊಮ್ಮಗು ಅಂದ್ಕೊಳ್ಳಿ.”

“ಗಂಡೋ ಹೆಣ್ಣೋ ಅಂತ ಕೇಳ್ಲಿಲ್ಲ ನೀನು.”

“ಈ ಭಾರ ನೋಡಿದ್ರೆ ನಿಮ್ಮ ಮನೇದಲ್ಲ.”

ಮೈದುನ ಮೊದಲು ನಕ್ಕ. ಆಮೇಲೆ ಟೈಲರಣ್ಣ. ಹನ್ನೆರಡು ದಿನದ ಮೇಲೆ ಆ ಷೆಡ್ಡಿನಲ್ಲಿ ನಗು ಕೇಳಿತು.

ಬಟ್ಟೆ ಒಗೆದು ಗಟ್ಟಿಯಾದ ಕೈ. ಮೊದಲ ಬೋಲ್ಟಿಗೆ ರೆಂಚು ಜಾರಿ ಬೆರಳ ಗೆಣ್ಣು ಸುಲಿಯಿತು. “ರೆಂಚು ತಳ್ಳಬೇಡಿ ಅತ್ತಿಗೆ, ನಿಮ್ಮ ಕಡೆ ಎಳೀರಿ” ಎಂದ ಮೈದುನ, ಹೊಟ್ಟೆಯ ಮೇಲೆ ಮಲಗಿ ಟಾರ್ಚು ಹಿಡಿದು. ಎಳೆದಳು. ಟಕ್. ಒಂದು. ಪಕ್ಕಕ್ಕೆ ಸರಿದಳು. ಟಕ್. ಎರಡು. ಇಷ್ಟು ದಿನ ಕಾಲಡಿಯಿಂದ ಕೇಳುತ್ತಿದ್ದ ಸದ್ದು ಈಗ ಅವಳ ಕೈಯೊಳಗೆ ಬಂದಿತ್ತು. ಮೂರು. ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ಮಂಜಾಗಿ ಬೋಲ್ಟು ಕಾಣಲಿಲ್ಲ. ಗೂಡಿನ ಬಟ್ಟೆಯಿಂದ ಮುಖ ಒರೆಸಿಕೊಂಡಳು. ಗ್ರೀಸು ಮುಖಕ್ಕೆಲ್ಲಾ ಹತ್ತಿತು. ಟಕ್.

ಉಗುರುಬಣ್ಣದ ಮುಚ್ಚಳ ತೆಗೆದು ನಾಲ್ಕಕ್ಕೂ ಗೆರೆ ಎಳೆದಳು. ಅವನ ಗೆರೆ ನೆಟ್ಟಗಿರುತ್ತಿತ್ತು. ಇವಳದು ಸೊಟ್ಟ. ಇರಲಿ.

ಷೆಡ್ಡಿನ ಎದುರು ರಸ್ತೆ ಕಿತ್ತು ಮೂರು ಹಳ್ಳ ಬಿದ್ದಿವೆ. ಮುಚ್ಚಲು ಬಂದವರನ್ನು ಮೇಸ್ತ್ರಿ ಎರಡು ಸಲ ವಾಪಸ್ ಕಳಿಸಿದ್ದ. ಅವನ ಪರೀಕ್ಷೆ ಅಲ್ಲೇ. ಟೈಲರಣ್ಣ ಗಾಡಿಯನ್ನು ಆ ಮೂರರ ಮೇಲೂ ಹಾಯಿಸಿದ. ಮೂವರೂ ಕಿವಿ ಕೊಟ್ಟರು. ಟೈರು ಹಳ್ಳಕ್ಕೆ ಇಳಿದು ಹತ್ತುವ ಮೆತ್ತನೆ ಸದ್ದು, ಅಷ್ಟೇ. ಅವನು ತಿರುಗಿಸಿಕೊಂಡು ಬಂದು ಮತ್ತೊಮ್ಮೆ ಹಾಯಿಸಿದ, ಸುಮ್ಮನೆ, ಖುಷಿಗೆ.

“ಅಣ್ಣನೇ ಮಾಡಿದ ಹಾಗಿದೆ” ಎಂದ ಮೈದುನ.

“ಅಣ್ಣನೇ ಮಾಡಿದ್ದು. ನಾನು ಬಿಗಿದೆ ಅಷ್ಟೇ.”

ಇದಾಗಿ ವರ್ಷ ದಾಟಿತು. ಟೈಲರಣ್ಣನ ಮೊಮ್ಮಗಳು ನಡೆಯುತ್ತಾಳೆ. ಗಾಡಿ ವಾಪಸ್ ಬಂದಿಲ್ಲ. ಷೆಡ್ಡು ಮುಚ್ಚಲಿಲ್ಲ. ಇಳಿಸಿದ ಗಾಡಿಗಳ ಬುಷ್ ಕೆಲಸವನ್ನು ಮೈದುನ ತನ್ನ ಲಿಫ್ಟಿನಲ್ಲಿ ಮುಗಿಸದೆ ಇಲ್ಲಿಗೆ ತರುತ್ತಾನೆ. ಹಳೆಯದು ತೆಗೆದು ಹೊಸದು ಕೂರಿಸುವುದು ಅವನು, ಬಿಗಿಯುವುದು ಅವಳು. ಗುಂಡಿ ಅಗಲ ಮಾಡಿಸೋಣ ಎಂದು ಒಂದು ಸಲ ಕೇಳಿದ. “ನಿನ್ನ ಹೊಟ್ಟೆ ಸಣ್ಣ ಮಾಡ್ಕೋ” ಎಂದಳು. ಗಿರಾಕಿಗಳು ಈಗ ಅವಳನ್ನು ಮೇಸ್ತ್ರಿಣಿ ಎನ್ನುತ್ತಾರೆ. ಮೊದಮೊದಲು ತಿರುಗಿ ನೋಡುತ್ತಿರಲಿಲ್ಲ, ಈಗ ನೋಡುತ್ತಾಳೆ.

ಷೆಡ್ಡಿನ ಮೂಲೆಯಲ್ಲಿ ಮೇಸ್ತ್ರಿಯ ಸ್ವಂತ ಕಾರಿದೆ. ಅದಕ್ಕೆ ಅವನು ರಬ್ಬರಲ್ಲದ, ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿದ್ದ. ಗ್ರೀಸು ಒಣಗಿದರೆ ಅವು ಕಿರುಗುಟ್ಟುತ್ತವೆ, ಅದೂ ಬೆಳಗಿನ ಚಳಿಯಲ್ಲಿ ಚೆನ್ನಾಗಿ ಕೇಳುತ್ತದೆ. ಬಿಸಿಲು ಬಿದ್ದ ಮೇಲೆ ಅಡಗಿಬಿಡುತ್ತವೆ. ಅದಕ್ಕೇ ಅವನು ಎದ್ದವನೇ ಮೊದಲು ಷೆಡ್ಡಿಗೆ ಹೋಗುತ್ತಿದ್ದ.

ಈಗ ಅವಳು ಹೋಗುತ್ತಾಳೆ. ಕಾಫಿಗೆ ಮುಂಚೆ, ಮುಖ ತೊಳೆದ ಕೂಡಲೇ. ಒಂದು ಮೂಲೆಗೆ ಎರಡೂ ಕೈಯಿಟ್ಟು ಮೂರು ಸಲ ಅದುಮಿ ಬಿಡುತ್ತಾಳೆ. ನಿಂತು ಕೇಳುತ್ತಾಳೆ. ಇನ್ನೊಂದು ಮೂಲೆ. ಮತ್ತೊಂದು. ಕಿರ್ ಎಂದರೆ ಗ್ರೀಸಿನ ಡಬ್ಬ ತೆಗೆಯುತ್ತಾಳೆ. ಎನ್ನದಿದ್ದರೆ ನಾಲ್ಕನೆಯ ಮೂಲೆಯನ್ನೂ ಅದುಮಿ, ಕೇಳಿ, ಕೈ ಒರೆಸಿಕೊಂಡು ಷೆಡ್ಡಿನ ರಸ್ತೆಕಡೆಯ ಬಾಗಿಲು ತೆಗೆಯುತ್ತಾಳೆ.