ಅಮ್ಮನವರಿಗೆ ಉಡಿ ತುಂಬಿದ್ದು

ನಿಮ್ಮ ಅಜ್ಜ ಅಣ್ಣಿಗೇರಿ ಸೀಮೆಯ ಒಂದು ಹಳ್ಳಿಯಲ್ಲಿ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದರೆಂದು ನಿಮಗೆಲ್ಲ ಗೊತ್ತು. ಆ ಊರನ್ನು ನಾವು ಯಾಕೆ ಬಿಟ್ಟೆವೆಂದು ಅವರು ನಿಮಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತಿತ್ತು. ಅವರು ತೀರಿಕೊಂಡು ಆರು ವರ್ಷವಾಯಿತು. ಈಗ ನಾನೇ ಬರೆಯುತ್ತೇನೆ. ಬಾಯಿಂದ ಹೇಳುವುದು ನನ್ನಿಂದ ಆಗದು.

ನನಗಾಗ ಇಪ್ಪತ್ತೆರಡು. ನಾವು ಅಮ್ಮನವರು ಎನ್ನುತ್ತಿದ್ದ ಮಿಷನರಿಗೆ ಇಪ್ಪತ್ನಾಲ್ಕು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಹಿಮ ಬೀಳುವ ದೇಶದಿಂದ ಅವರು ಒಬ್ಬರೇ ಬಂದಿದ್ದರು. ಧಾರವಾಡದಲ್ಲಿ ಒಂದು ವರ್ಷ ಕನ್ನಡ ಕಲಿತು, ತಾವಾಗಿಯೇ ಕೇಳಿಕೊಂಡು ನಮ್ಮ ಹಳ್ಳಿಗೆ ಬಂದರು. ಊರ ನಡುವಿನ ಓಣಿಯಲ್ಲಿ ಒಂದು ಮಾಳಿಗೆಮನೆ ಬಾಡಿಗೆಗೆ ಸಿಕ್ಕಿತ್ತು. ಮುಂದಿನ ಎರಡು ಅಂಕಣ ಅವರಿಗೆ, ಹಿಂದಿನದು ನಮಗೆ. ಗಂಡಸರು ಅಡಿಗೆಮನೆಯವರೆಗೆ ಹೋಗುವಂತಿರಲಿಲ್ಲವಾದ್ದರಿಂದ ಮನೆಮನೆಗೆ ಅವರ ಜೊತೆ ಹೋಗುವ ಕೆಲಸ ನನ್ನದಾಯಿತು. ನಾನು ಅವರ ಹಿಂದೆ ಸೆರಗು ಹೊದ್ದು ನಿಲ್ಲುತ್ತಿದ್ದೆ, ಅಷ್ಟೆ.

ಅವರ ಕನ್ನಡ ಪುಸ್ತಕದ್ದು. "ತಾವು ಕ್ಷೇಮದಿಂದ ಇರುವಿರಾ?" ಎಂದು ಕೇಳುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನಗುತ್ತಿದ್ದರು.

"ನಮ್ಮ ಸಾಲಿ ಮಾಸ್ತರಗಿಂತ ಚಲೋ ಮಾತಾಡ್ತಾಳವಾ. ತಿಳಿಯೂದಿಲ್ಲ, ಅಷ್ಟ."

"ಮದವಿ ಯಾಕ ಆಗಿಲ್ಲಂತ ಕೇಳ ಆಕೀನ."

"ನೀನ ಕೇಳ. ನಿನ್ನ ಮೈದುನಗ ಹೆಣ್ಣು ಸಿಕ್ಕಿಲ್ಲಲ್ಲ."

ಅಮ್ಮನವರೂ ನಗುತ್ತಿದ್ದರು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಹೋದಲ್ಲೆಲ್ಲ ಒಂದು ಬಟ್ಟಲು ಮಜ್ಜಿಗೆ, ಒಂದು ಹಿಡಿ ಹಸಿ ಕಡಲೆ. ಓಣಿಯ ಹಿರಿಯ ಹೆಂಗಸನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಹಣೆತುಂಬ ವಿಭೂತಿಯ, ಶಿವಪೂಜೆ ತಪ್ಪಿಸದ ಮುದುಕಿ. ಅಮ್ಮನವರು ಬೈಬಲ್ಲಿನ ಕಥೆ ಓದಿದರೆ ಆಕೆ ಕಣ್ಣುಮುಚ್ಚಿ ಕೇಳಿ, "ಖರೇ ಮಾತವಾ" ಎನ್ನುತ್ತಿದ್ದಳು. ಆದರೆ ಭಾನುವಾರ ನಮ್ಮ ಪಡಸಾಲೆಯ ಪ್ರಾರ್ಥನೆಗೆ ಆಕೆಯಾಗಲಿ ಬೇರೆ ಯಾರಾಗಲಿ ಬರಲಿಲ್ಲ. ಊರ ಹೊರಗಿನ ಕೇರಿಯವರಿಗೆ ಮನಸ್ಸಿತ್ತು. ಆದರೆ ಗೌಡರ ಹೊಲದ ಕೂಲಿಯಿಂದಲೇ ಅವರ ಒಲೆ ಉರಿಯಬೇಕಿತ್ತು. ಅವರೂ ಬರಲಿಲ್ಲ. ಅಮ್ಮನವರು, ನಿಮ್ಮ ಅಜ್ಜ, ನಾನು, ತೊಟ್ಟಿಲಲ್ಲಿ ನಿಮ್ಮ ದೊಡ್ಡಪ್ಪ. ಇಷ್ಟೇ ಸಭೆ.

ಅಮ್ಮನವರಿಗೆ ಕೊಟ್ಟಿದ್ದು ಎರಡು ವರ್ಷದ ಅವಧಿ. ಅದರೊಳಗೆ ಊರಿನವರು ಒಬ್ಬರಾದರೂ ಪ್ರಾರ್ಥನೆಗೆ ಕೂಡದಿದ್ದರೆ ಮನೆ ಮುಚ್ಚಿ ಅವರನ್ನು ದೇಶಕ್ಕೆ ಕರೆಸಿಕೊಳ್ಳುವುದೆಂದು ಅವರ ಮಿಷನ್ನಿನ ಹಿರಿಯರು ಬರೆದಿದ್ದರು. ಒಂದು ದಿನ ನನ್ನೆದುರು ಬೀಸುವ ಕಲ್ಲಿಗೆ ಕೈ ಕೊಟ್ಟು ಕೂತಾಗ ಅವರು ಹೇಳಿದರು: "ಒಬ್ಬರಾದರೂ ಬರಬೇಕು. ಯಾರೂ ಬರದಿದ್ದರೆ, ದೇವರು ನನ್ನನ್ನು ಕರೆಯಲಿಲ್ಲ, ನಾನೇ ಬಂದೆ ಎಂದು ಅರ್ಥ." ನಾನು ಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕಿದೆ.

ಎರಡನೆಯ ವರ್ಷದ ಹತ್ತಿ ಬಿಡಿಸುವ ಕಾಲಕ್ಕೆ ಮನೆಯ ಮಾಲಕರು ನಿಮ್ಮ ಅಜ್ಜನನ್ನು ಕಟ್ಟೆಗೆ ಕರೆದರು.

"ಸಿಟ್ಟಾಗಬ್ಯಾಡ್ರಿ ಉಪದೇಶಿಗಳ. ಹಿರ್ಯಾರು ಕೂತು ಮಾತಾಡ್ಯಾರ. ಯುಗಾದಿಗೆ ಮನಿ ಖಾಲಿ ಆಗಬೇಕಂತ. ಆಕಿ ಕೇರ್‍ಯಾಗ ಉಂಡು ಬಂದು ನಮ್ಮ ಅಡಗಿಮನ್ಯಾಗ ಕುಂದ್ರತಾಳ ಅಂತ ಮಾತು ಬಂದೈತಿ. ಚಲೋ ಹೆಣ್ಣಮಗಳು, ನನ್ನ ಬಾಯಿಲೆ ಹ್ಯಾಂಗ ಹೇಳಲಿ? ನೀವ ಹೇಳ್ರಿ."

ನಿಮ್ಮ ಅಜ್ಜನಿಗೂ ಬಾಯಿ ಬರಲಿಲ್ಲ. ಮನೆಗೆ ಬಂದು ನನಗೆ ಹೇಳಿದರು. "ನೀ ದಿನಾ ಅವರ ಜೋಡಿ ಇರತಿ. ಹೆಣ್ಣಮಕ್ಕಳ ಮಾತು, ನೀನ ಮೆಲ್ಲಕ ಹೇಳಿಬಿಡು."

"ಆತ್ರಿ" ಎಂದೆ. ನಾಳೆ ಹೇಳೋಣವೆಂದು ಎರಡು ದಿನ ಕಳೆದೆ.

ಮೂರನೆಯ ದಿನ ಆಯಿ ನಮ್ಮಿಬ್ಬರನ್ನೂ ಮನೆಗೆ ಕರೆಸಿದಳು. ಓಣಿಯ ಹೆಂಗಸರೆಲ್ಲ ಕೂಡಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಅಮ್ಮನವರನ್ನು ಪೂರ್ವಕ್ಕೆ ಮುಖಮಾಡಿ ಕೂಡಿಸಿದರು. "ಸೆರಗು ಒಡ್ಡು ತಂಗಿ" ಎಂದಳು ಆಯಿ. ಐದು ಮಂದಿ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಹಸಿರು ಕುಪ್ಪಸದ ಖಣ ಎಲ್ಲ ಹಾಕಿ ಉಡಿ ತುಂಬಿದರು. ಒಬ್ಬಾಕೆ ಕುಂಕುಮದ ಭರಣಿ ಹಿಡಿದು, "ಹಚ್ಚಿಸ್ಕೋತಾಳೋ ಇಲ್ಲೋ" ಎಂದು ನನ್ನ ಕಡೆ ನೋಡಿದಳು. ನಮ್ಮ ಸಭೆಯವರು ಹಚ್ಚುವುದಿಲ್ಲ. ಅಷ್ಟರಲ್ಲಿ ಅಮ್ಮನವರೇ ಹಣೆ ಮುಂದೆ ಮಾಡಿದರು.

ಉಡಿಯನ್ನು ನಮ್ಮಲ್ಲಿ ಬಹಳ ಕಾರಣಕ್ಕೆ ತುಂಬುತ್ತಾರೆ. ಆದರೆ ಕಡೆಗೆ ಆಯಿ ಉಡಿಯಿಂದ ನಾಲ್ಕು ಕಾಳು ತೆಗೆಸಿ ತನ್ನ ಮನೆಯ ಮೊರದಲ್ಲಿ ಹಾಕಿಸಿಕೊಂಡಳು. ಹೊರಟು ನಿಂತ ಮಗಳ ಜೊತೆ ಮನೆಯ ಸಿರಿ ಹೋಗಿಬಿಡಬಾರದೆಂದು ಹಾಗೆ ಮಾಡುತ್ತಾರೆ. ಆಮೇಲೆ ಬಿಳಿ ಅರಿವೆಯ ಗಂಟೊಂದನ್ನು ಕೈಗಿತ್ತಳು. ಒಳಗೆ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ. ಅದು ದಾರಿಯ ಬುತ್ತಿ. "ನಮ್ಮ ಮಗಳ ಇದ್ಧಂಗ. ಬರಿಗೈಲೆ ಕಳಸಬಾರದು" ಎಂದು ಆಯಿ ಅತ್ತಳು. ಊರ ಹಿರಿಯರ ಮಾತು ಹೆಂಗಸರಿಗೆ ತಲುಪಿತ್ತು. ಹೋಗು ಎಂದು ಬಾಯಿಬಿಟ್ಟು ಹೇಳದೆ, ಮಾನದಿಂದ ಕಳಿಸಿಕೊಟ್ಟಿದ್ದರು.

ಅಮ್ಮನವರೂ ಅತ್ತರು. ದಾರಿಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, "ಇವತ್ತು ನನ್ನನ್ನು ಮಗಳಾಗಿ ತೆಗೆದುಕೊಂಡರು" ಎಂದರು. ಆಗಲೇ ಹೇಳಬೇಕಿತ್ತು. ಅವರ ಮುಖ ನೋಡಿ, ಬುತ್ತಿಯ ಗಂಟು ಇಸಿದುಕೊಂಡು ಮುಂದೆ ನಡೆದೆ. ಅಂದೇ ಅವರು, ಊರು ತಮ್ಮನ್ನು ಒಪ್ಪಿಕೊಂಡಿತೆಂದು ತಮ್ಮ ಹಿರಿಯರಿಗೆ ನಾಲ್ಕು ಹಾಳೆ ಕಾಗದ ಬರೆದರು. ಬುತ್ತಿಯ ರೊಟ್ಟಿಯನ್ನು ದಿನಕ್ಕೊಂದರಂತೆ ಅಂಗಳದಲ್ಲಿ ಕೂತು ತಿಂದರು.

"ಹೇಳಿದಿ?" ಎಂದು ನಿಮ್ಮ ಅಜ್ಜ ಕೇಳಿದರು.

"ಹೇಳೀನ್ರಿ."

"ಏನಂದ್ರು?"

"ಆತು ಅಂದ್ರು."

ನನ್ನ ಗಂಡನಿಗೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಅದು.

ಮುಂದಿನ ಭಾನುವಾರ ಅಮ್ಮನವರು ನಸುಕಿಗೇ ಎದ್ದು ಪಡಸಾಲೆ ಸಾರಿಸಿದರು. ನಮ್ಮ ಜಮಖಾನೆಯನ್ನೂ ಇಸಿದುಕೊಂಡು ಹಾಸಿದರು. ಹಿಂದಿನ ದಿನ ಮನೆಮನೆಗೆ ಹೋಗಿ ಕರೆದು ಬಂದಿದ್ದರು. ಅವತ್ತು ಮಗುವಿಗೆ ಜ್ವರ ಎಂದು ನೆವ ಹೇಳಿ ನಾನು ಜೊತೆಗೆ ಹೋಗಿರಲಿಲ್ಲ. ಬಾಗಿಲಲ್ಲೇ ನಿಂತು, "ಆತವ್ವ, ಆತು" ಎಂದು ಎಲ್ಲರೂ ಕಳಿಸಿದ್ದರಂತೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಯಾರೂ ಬರಲಿಲ್ಲ. ನಿಮ್ಮ ಅಜ್ಜ ಪುಸ್ತಕ ತೆರೆದು ಕೂತು ನನ್ನನ್ನೇ ನೋಡುತ್ತಿದ್ದರು. ಹೋಗುವವರು ಯಾಕೆ ಇಷ್ಟು ಹಾಸಿದ್ದಾರೆಂದು ಅವರಿಗೆ ಅರ್ಥವಾಗಿರಲಿಲ್ಲ.

"ಆಯಿಗೆ ಸೌಖ್ಯವಿಲ್ಲದಿರಬಹುದು" ಎಂದು ಅಮ್ಮನವರು ಎದ್ದರು. ನಾನು ಹಿಂದೆ ಓಡಿದೆ. ಆಯಿ ಕಟ್ಟೆಯ ಮೇಲೆ ಕೂತು ಕುಸುಬಿ ಹಸನು ಮಾಡುತ್ತಿದ್ದಳು. ಅಮ್ಮನವರನ್ನು ಕಂಡು ಮೊರ ಕೆಳಗಿಟ್ಟಳು.

"ಯವ್ವಾ, ನೀ ಇನ್ನ ಹೋಗಿಲ್ಲೇನು?"

ಅಮ್ಮನವರು, "ಎಲ್ಲಿಗೆ?" ಎಂದರು.

"ನಿಮ್ಮೂರಿಗೆ. ಉಡಿ ತುಂಬಿ ಕಳಿಸೇವಲ್ಲ ತಂಗಿ." ಆಯಿಯ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಬುತ್ತಿ ಕೆಡತೈತಿ ನೋಡು, ಲಗು ಹೋಗು" ಎಂದಳು.

ಅಮ್ಮನವರು ನೆಟ್ಟಗೆ ಮನೆಗೆ ಬಂದರು. ಬಾಗಿಲಲ್ಲಿ ನಿಂತು, "ನಿಮಗೆ ಗೊತ್ತಿತ್ತೇ?" ಎಂದರು. ನಾನು ಹೌದೆಂದು ಗೋಣು ಹಾಕಿದೆ. "ಉಡಿ ತುಂಬಿದ ದಿನವೇ?" ಮತ್ತೆ ಗೋಣು ಹಾಕಿದೆ. "ನಾನು ಕಾಗದ ಬರೆದುಬಿಟ್ಟೆನಲ್ಲ" ಎಂದರು. ಬಯ್ದಿದ್ದರೆ ಚೆನ್ನಾಗಿತ್ತು. ಜಮಖಾನೆಯನ್ನು ಕೊಡವಿ ಮಡಚಿ ನನ್ನ ಕೈಗೆ ಕೊಟ್ಟರು.

ಅವತ್ತಿನಿಂದ ಅವರು ಯಾರ ಮನೆಗೂ ಹೋಗಲಿಲ್ಲ. ಐದನೆಯ ದಿನ ಅಣ್ಣಿಗೇರಿಯ ಬಸ್ಸಿಗೆ ಹೊರಟರು. ನಿಮ್ಮ ಅಜ್ಜ ಪೆಟ್ಟಿಗೆ ಹೊತ್ತರು, ನಾನು ಮಗುವನ್ನು ಎತ್ತಿಕೊಂಡು ಹೋದೆ. ಕೆರೆಯ ದಂಡೆಯಲ್ಲಿ ನೀರಿಗೆ ಬಂದ ಹೆಂಗಸರಿದ್ದರು. ನೋಡಿದರು, ಹತ್ತಿರ ಬರಲಿಲ್ಲ. ಒಮ್ಮೆ ಕಳಿಸಿಕೊಟ್ಟ ಮಗಳನ್ನು ಮತ್ತೊಮ್ಮೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅಮ್ಮನವರಿಗೆ ಅದನ್ನಾದರೂ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಬಸ್ಸು ಬಂತು.

ಆ ಮನೆಯಲ್ಲಿ ಮಾಲಕರು ಹತ್ತಿ ತುಂಬಿದರು. ನಿಮ್ಮ ಅಜ್ಜನನ್ನು ಸಭೆಯವರು ಕುಂದಗೋಳದ ಕಡೆ ಹಾಕಿದರು. ನಾನು ನಡೆದದ್ದನ್ನು ಹೇಳಿದಾಗ ಅವರು ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. "ನಾನ ಹೇಳಬೇಕಾಗಿತ್ತು" ಎಂದಷ್ಟೇ ಒಮ್ಮೆ ಅಂದರು.

ಎರಡು ವರ್ಷದ ಮೇಲೆ ಅಮ್ಮನವರ ಕಾಗದ ಬಂತು, ಕನ್ನಡದಲ್ಲಿ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಚಳಿ ಬಹಳ, ಮಗು ಎಷ್ಟು ಎತ್ತರ ಬೆಳೆದಿದೆ ಎಂದು ಬರೆದಿದ್ದರು. ನಮ್ಮ ಊರಿನಲ್ಲಿದ್ದಾಗ ಎಣ್ಣೆ ತರಲಿಕ್ಕೆ ಬರೆದ ಚೀಟಿಯನ್ನೂ ಅವರು ದೇವರ ಹೆಸರಿನಿಂದ ಶುರು ಮಾಡುತ್ತಿದ್ದರು. ಆ ಕಾಗದವನ್ನು ಮೊದಲಿಂದ ಕಡೆಯವರೆಗೆ ಎರಡು ಸಲ ಓದಿದೆ. ಎಲ್ಲೂ ದೇವರ ಹೆಸರಿರಲಿಲ್ಲ.