ಕಿಟಕಿ ಬುಡದ ಜಾಗ

ಅಕ್ಕಾ, ಆ ಫೋನು ದೊಡ್ಡಪ್ಪ ಮಾಡಿದ್ದಲ್ಲ — ನಾನು ಮಾಡಿದ್ದು.

ಹೇಳಿಬಿಟ್ಟೆ, ಇನ್ನು ಓಡುವ ದಾರಿಯಿಲ್ಲ. ಸಿಂದಗಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಡಿಗತನದ ಕೆಲಸ ಹೂಡುತ್ತೇನೆಂದು ನೀನು ಹೊರಟಾಗ, ಸುಣ್ಣದ ಕಡ್ಡಿಯಿಂದ ನೀನೇ ನೆಲದ ಮೇಲೆ ನಕ್ಷೆ ಬರೆದಿದ್ದೆ. ಕಿಟಕಿಯ ಕೆಳಗೆ ಮೇಜು, ಬಾಗಿಲ ಬಲಕ್ಕೆ ಹಲಗೆಗಳು, ಗೋಡೆಗೆ ಗರಗಸ. ಆ ಗೆರೆಗಳ ನಡುವೆ ನೀನು ನಿಂತು, ಇಲ್ಲದ ಹಲಗೆಯನ್ನು ಇಲ್ಲದ ರಂದದಿಂದ ಹೆರೆದು ನಯ ಮಾಡುತ್ತ, ಮೊಣಕೈ ಎಲ್ಲಿ ತಾಗೀತು ಎಂದು ನೋಡುತ್ತಿದ್ದೆ. ಅದನ್ನು ಅಣಕಿಸಿ ನಾನು ಓಣಿಯವರನ್ನೆಲ್ಲ ನಗಿಸಿದೆ.

ಆದರೆ ಕಿಟಕಿಯ ಕೆಳಗೆ ನನ್ನ ಮಂಚವಿತ್ತು. ಗಾಳಿ, ಮೊಬೈಲಿಗೆ ಸಿಗ್ನಲ್ಲು... ಅಷ್ಟೇ, ಅಕ್ಕಾ. ಅಷ್ಟಕ್ಕೇ.

ಯಂಕಂಚಿಯ ದೊಡ್ಡಪ್ಪ ಹೇಳಿದರೆ ನಮ್ಮ ಮನೆಯಲ್ಲಿ ಮಾತು ಮುಗಿದಂತೆ. ಗೆಳೆಯನ ಫೋನು ಇಸಿದುಕೊಂಡು, ಅವರಂತೆಯೇ ಕೆಮ್ಮಿ, ದೊಡ್ಡಪ್ಪನಾದೆ: “ಏ ಹುಚ್ಚಿ, ಕಿಟಕಿ ಬುಡಕ ಮೇಜ ಹಾಕಬ್ಯಾಡ. ಮನಿಗಿ ಬರೋ ಲಕ್ಷ್ಮಿಗಿ ಗರಗಸ ತೋರಸ್ತೀಯೇನ? ಹಿಂದಿನ ಮೂಲ್ಯಾಗ ಹಾಕು!”

“ಆತ್ರಿ ದೊಡ್ಡಪ್ಪಾ,” ಎಂದು ನೀನೇ ಸುಣ್ಣದ ಗೆರೆ ಒರೆಸಿದೆ.

ಮುಂದೆ ದೊಡ್ಡಪ್ಪ ಮನೆಗೆ ಬಂದಾಗ ನಾನು ಬಾಗಿಲ ಹಿಂದೆ ಅಡಗಿದೆ. “ನೀವು ಹೇಳಿದಂಗ ಹಾಕೇನ್ರಿ,” ಎಂದು ನೀನು ಮೇಜು ತೋರಿಸಿದೆ. ತಾನು ಹೇಳಿಲ್ಲ ಎಂದು ಒಪ್ಪುವ ಮನುಷ್ಯರೇ ಅವರು? ಮೀಸೆ ತಿರುವಿ, “ಶಾಸ್ತ್ರನ ಐತದು! ನಾ ಸುಮ್ನ ಹೇಳ್ತೇನೇನ?” ಎಂದರು. ಈಗ ಯಂಕಂಚಿಯಲ್ಲಿ ಟೇಲರನ ಹೊಲಿಗೆ ಯಂತ್ರವನ್ನೂ ಕಿಟಕಿಯಿಂದ ಎಬ್ಬಿಸಿದ್ದಾರಂತೆ.

ನಾನು ಹೊಟ್ಟೆ ಹಿಡಿದು ನಕ್ಕೆ. ನೀನು ಆ ಕತ್ತಲ ಮೂಲೆಯಲ್ಲಿ ಗುರುತಿನ ಗೆರೆ ಕಾಣದೆ, ಹಲಗೆಯ ತುದಿ ಗೋಡೆಗೆ ಬಡಿಯುತ್ತ ಕೆಲಸ ಮಾಡಿದೆ, ಸ್ಟೂಲುಗಳೆಲ್ಲ ಕುಂಟಿದವು. ಅವುಗಳ ಮೇಲೆ ಕೂತು ಟಾಂಗಾ ಸವಾರಿಯ ನಾಟಕವನ್ನೂ ಆಡಿದೆ ನಾನು. ನೀನೂ ನಗುತ್ತಿದ್ದೆ — ಮೊದಮೊದಲು.

ನಿನ್ನೆ ಇಂಡಿ ಊರಿನ ಗಿರಾಕಿ ಸ್ಟೂಲು ಮರಳಿಸಿ ಹೋದ ಮೇಲೆ, ರಂದಗಳನ್ನು ಚೀಲಕ್ಕೆ ತುಂಬುತ್ತ ಅಂದೆಯಲ್ಲ: “ನನ್ನ ಕೈನ ಸೊಟ್ಟ ಐತೋ ತಮ್ಮಾ. ಇವನ್ನೆಲ್ಲ ಮಾರಿಬಿಡ್ತೇನಿ.” ಆಗಲೇ ಹೇಳಬೇಕಿತ್ತು. ಊರವರ ದನಿಯೆಲ್ಲ ಬಾಯಲ್ಲಿಟ್ಟುಕೊಂಡು ತಿರುಗುವ ನಾನು, ಚೀಲದ ಬಾಯಿ ಹಿಡಿದುಕೊಟ್ಟೆ.

ನಿನ್ನ ಕೈ ಸೊಟ್ಟಲ್ಲ, ಅಕ್ಕಾ. ಕತ್ತಲಲ್ಲಿ ನಿಲ್ಲಿಸಿದವನು ನಾನು. ಮಂಚ ಅಂಗಳಕ್ಕೆ ಹಾಕಿದ್ದೇನೆ. ಮೇಜನ್ನು ಕಿಟಕಿಯತ್ತ ಒಬ್ಬನೇ ಎಳೆಯಲು ಹೋದೆ — ಅಲುಗಲಿಲ್ಲ. ಆ ತುದಿ ನೀನು ಹಿಡಿಯಬೇಕು. ಮೊದಲು ನನಗೆ ನಾಲ್ಕು ಬಾರಿಸಿಯಾದರೂ ಸರಿ.